ನಾಲ್ಕನೇ ಸ್ಕ್ರೂ ಓರೆಯಾಗಿತ್ತು

"ನಾನು ಕಳ್ಳನೋ ಅಲ್ಲವೋ, ಅದೊಂದು ಹೇಳಿಬಿಡಿ ಡಾಕ್ಟರಮ್ಮ. ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ."

ಹೀಗೆ ಕೇಳಿದ ಬೀಗದಜ್ಜ ಕುರ್ಚಿಯ ತುದಿಗೆ ಸರಿದು ಕೂತ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಮಿದುಳಿನ ವಿಷಯದಲ್ಲಿ ಏನು ಬೇಕಾದರೂ ಹೇಳಬಲ್ಲವರು ಅವರು. ಆದರೆ ಈ ಪ್ರಶ್ನೆ ಅವರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮಂಗಳವಾರ ಬೆಳಗ್ಗೆ ಈಜು ಕ್ಲಬ್ಬಿನ ತಿಜೋರಿಯಿಂದ ಬಹುಮಾನದ ಬೆಳ್ಳಿ ಬಟ್ಟಲು ಮಾಯವಾಗಿತ್ತು. ತಿಜೋರಿಯ ಮೇಲೆ ಒಂದು ಗೀರೂ ಇರಲಿಲ್ಲ, ಇದ್ದದ್ದು ಬೀಗದಜ್ಜನ ಹತ್ತು ಬೆರಳಿನ ಗುರುತು ಮಾತ್ರ. ಅಂದು ಬೆಳಗ್ಗೆ ಆರೂವರೆಯಿಂದ ಮಧ್ಯಾಹ್ನ ಒಂದರವರೆಗೆ ತಾನು ಎಲ್ಲಿದ್ದೆ, ಏನು ಮಾಡಿದೆ ಎಂಬುದು ಅಜ್ಜನಿಗೇ ಗೊತ್ತಿರಲಿಲ್ಲ.

ಈಗ ಗುರುವಾರ ಮಧ್ಯಾಹ್ನ ಎರಡು ಗಂಟೆ. ನಾಲ್ಕಕ್ಕೆ ಕ್ಲಬ್ಬಿನ ಸಮಿತಿ ಸೇರಿ ಅಜ್ಜನ ಮೇಲೆ ದೂರು ಬರೆದುಕೊಡುವುದೆಂದು ತೀರ್ಮಾನವಾಗಿತ್ತು.

"ಯಜಮಾನ್ರೇ, ಸ್ವಲ್ಪ ತಡೀರಿ," ಎಂದರು ಅತ್ತೆ. "ಕಳ್ಳ ಯಾರು ಅಂತ ಹುಡುಕೋದು ನನ್ನ ಕೆಲಸ. ಡಾಕ್ಟರ ಕೆಲಸ ಅವರು ಮಾಡ್ಲಿ."

ಅತ್ತೆ ಎಂದರೆ ಅಳಿಯನ ಅತ್ತೆ. ಇಪ್ಪತ್ತೆಂಟು ವರ್ಷ ಪೊಲೀಸರ ಬೆರಳಚ್ಚು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೆ, ಮನೆಯ ಮುಂದಿನ ಕೋಣೆಯಲ್ಲೇ ಪತ್ತೇದಾರಿ ಕಚೇರಿ ತೆರೆದಿದ್ದರು. ಅಳಿಯ ಕೆಲಸ ಮಾಡುತ್ತಿದ್ದ ಪ್ರೆಸ್ಸು ಮುಚ್ಚಿಹೋದಾಗ ನಾಲ್ಕು ದಿನದ ಮಟ್ಟಿಗೆ ಎಂದು ಅವರ ಜೊತೆ ಸೇರಿಕೊಂಡವನು ಹನ್ನೊಂದು ತಿಂಗಳಾದರೂ ಅಲ್ಲೇ ಇದ್ದ. ಮನೆಯಲ್ಲಿ ಮಗಳ ಮಾತು, ಕಚೇರಿಯಲ್ಲಿ ತಾಯಿಯ ಮಾತು. ಅವನ ಮಾತು ನಡೆಯುತ್ತಿದ್ದದ್ದು ಸ್ಕೂಟರಿನ ಹತ್ತಿರ ಮಾತ್ರ, ಅದೂ ಅದಕ್ಕೆ ಸ್ಟಾರ್ಟ್ ಆಗುವ ಮನಸ್ಸಿದ್ದಾಗ.

"ಇದು ನಾಟಕ ಅಲ್ಲ, ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ," ಎಂದು ಡಾಕ್ಟರು ಶುರುಮಾಡಿದರು. "ಮಂಗಳವಾರ ಹನ್ನೊಂದಕ್ಕೆ ಇವರನ್ನ ಕರ್ಕೊಂಡು ಬಂದ್ರು. ಹೆಸರು ಗೊತ್ತು, ಹೆಂಡತಿ ಗೊತ್ತು, ಕಸುಬು ಗೊತ್ತು. ಆದ್ರೆ ಮೂರು ನಿಮಿಷದ ಹಿಂದಿನದ್ದು ಗೊತ್ತಿಲ್ಲ. ನಾಲ್ಕೇ ಪ್ರಶ್ನೆ. ಇದು ಯಾವ ಜಾಗ, ಇವತ್ತು ಯಾವ ವಾರ, ನನ್ನ ಚೀಲ ಎಲ್ಲಿ, ನಿಮ್ಮ ಊಟ ಆಯ್ತಾ. ಉತ್ತರ ಕೇಳಿ ತಲೆ ಆಡಿಸೋರು. ಮೂರು ನಿಮಿಷಕ್ಕೆ ಮತ್ತೆ ಇದು ಯಾವ ಜಾಗ ಅನ್ನೋರು."

"ಎಷ್ಟು ಸಲ?"

"ನರ್ಸು ಗೀಟು ಹಾಕಿಟ್ಟಿದ್ದಾಳೆ. ನಲವತ್ತೊಂದು. ಅಷ್ಟು ಸಲ ನನ್ನ ಊಟ ವಿಚಾರಿಸಿದ ಪೇಷಂಟು ನನ್ನ ಸರ್ವೀಸಿನಲ್ಲೇ ಇವರೊಬ್ಬರು. ನಮ್ಮ ಮನೆಯಲ್ಲೂ ಯಾರೂ ಅಷ್ಟು ವಿಚಾರಿಸಿಲ್ಲ."

ಅಜ್ಜ ನಾಚಿಕೊಂಡು ತಲೆ ಕೆರೆದ. "ಆಗಿತ್ತಾ ಮತ್ತೆ?" ಎಂದ ಮೆಲ್ಲಗೆ. ಎಲ್ಲರೂ ನಕ್ಕರು.

"ಯಾತಕ್ಕೆ ಬರತ್ತೆ ಇಂಥ ಮರೆವು?" ಅತ್ತೆ ಬಿಡಲಿಲ್ಲ.

"ತಲೆಗೆ ಪೆಟ್ಟು ಬಿದ್ದಿರಬಹುದು, ಫಿಟ್ಸು ಬಂದಿರಬಹುದು, ರಕ್ತದಲ್ಲಿ ಸಕ್ಕರೆ ಇಳಿದಿರಬಹುದು, ನಿದ್ದೆ ಮಾತ್ರೆ ಹೆಚ್ಚಾಗಿರಬಹುದು, ಮಿದುಳಿಗೆ ರಕ್ತ ಹೋಗೋದು ನಿಂತಿರಬಹುದು. ಒಂದೊಂದನ್ನೇ ಪರೀಕ್ಷೆ ಮಾಡಿ ಇದಲ್ಲ, ಇದಲ್ಲ ಅಂತ ತೆಗೆದು ಹಾಕಿದೀನಿ. ಉಳಿದಿದ್ದು ಇದೊಂದು. ಐವತ್ತು ದಾಟಿದೋರಿಗೆ ಬರತ್ತೆ, ಒಂದು ದಿನದೊಳಗೆ ಹೋಗತ್ತೆ, ಸಾಮಾನ್ಯವಾಗಿ ಮತ್ತೆ ಬರಲ್ಲ. ಪೆನ್ನಿನಲ್ಲಿ ಇಂಕು ನಿಂತ ಹಾಗೆ ಅಂದ್ಕೊಳ್ಳಿ. ಹಿಂದೆ ಬರೆದ ಪುಟ ಎಲ್ಲ ನೆಟ್ಟಗಿರತ್ತೆ. ಆ ಹೊತ್ತಿನ ಹಾಳೆ ಮಾತ್ರ ಖಾಲಿ. ಆ ಹಾಳೆ ಮುಂದೆ ಯಾವತ್ತೂ ತುಂಬಲ್ಲ."

"ಇಂಕು ಯಾಕೆ ನಿಲ್ಲತ್ತೆ?"

"ಪೂರ್ತಿ ಯಾರಿಗೂ ಗೊತ್ತಿಲ್ಲ. ಮೈ ಮುರಿಯೋ ಕೆಲಸ, ದೊಡ್ಡ ದುಃಖ, ಇಲ್ಲಾ ತಣ್ಣೀರಿಗೆ ದಿಢೀರಂತ ಇಳಿಯೋದು. ಇಂಥವುಗಳ ಬೆನ್ನಿಗೇ ಬರೋದು ಹೆಚ್ಚು."

"ನಮ್ಮ ಕೊಳದ ನೀರು ಬೆಚ್ಚಗಿರತ್ತೆ," ಎಂದ ಅಜ್ಜ. "ಇಪ್ಪತ್ತೆಂಟು ಡಿಗ್ರಿ. ಬೋರ್ಡಿನಲ್ಲೇ ಬರೆದಿರ್ತಾರೆ. ಏಣಿಯ ಮೇಲೆ ಕಾಲಿಟ್ಟಿದ್ದು ನೆನಪಿದೆ. ಆಮೇಲೆ ಇಲ್ಲಿಯ ಹಸಿರು ಪರದೆ."

ಅತ್ತೆ ಹುಬ್ಬೇರಿಸಿ ಪುಟ್ಟ ಪುಸ್ತಕದಲ್ಲಿ ಏನೋ ಗುರುತು ಮಾಡಿಕೊಂಡರು. "ಇನ್ನೊಂದು ಡಾಕ್ಟರೇ. ಅಂಥ ಹೊತ್ತಿನಲ್ಲಿ ಕಲಿತ ಕೆಲಸ ಮಾಡೋಕಾಗತ್ತಾ?"

ಡಾಕ್ಟರು ಅಜ್ಜನ ಮುಖ ನೋಡಿ ತಡೆದು ಹೇಳಿದರು. "ಆಗತ್ತೆ. ಕೈಗೆ ರೂಢಿಯಾದದ್ದು ಹೋಗಲ್ಲ. ಕಾರು ಓಡಿಸೋರು ಓಡಿಸ್ತಾರೆ, ಹೆಣೆಯೋರು ಹೆಣೀತಾರೆ."

"ಬೀಗ ತೆಗೆಯೋರು ತೆಗೀತಾರೆ," ಎಂದು ಅಜ್ಜನೇ ಮುಗಿಸಿದ.

ಅರ್ಧ ಊರಿನ ಹೆಚ್ಚುವರಿ ಬೀಗದ ಕೈಗಳು ಅಜ್ಜನ ಅಂಗಡಿಯ ಗೋಡೆಯಲ್ಲಿ ತೂಗುತ್ತಿದ್ದವು. ನಿನ್ನೆಯಿಂದ ಅವನು ಒಂದೊಂದೇ ಮನೆಗೆ ಹೋಗಿ ಅವನ್ನು ಹಿಂದಿರುಗಿಸಿ ಬರುತ್ತಿದ್ದ. ತನ್ನ ಮೇಲೆ ತನಗೇ ನಂಬಿಕೆ ಇಲ್ಲದ ಮೇಲೆ ಪರರ ಬಾಗಿಲು ತನ್ನ ಕೈಯಲ್ಲಿ ಇರಬಾರದು ಎಂಬುದು ಅವನ ವಾದ.

"ಸಾಕು ಬಿಡ್ರೀ, ಪದೇ ಪದೇ ಅದನ್ನೇ ಅಂತಿರ್ತೀರಿ," ಎಂದಳು ಅಜ್ಜನ ಪಕ್ಕ ಕೂತಿದ್ದ ಅವನ ಹೆಂಡತಿ, ಅಜ್ಜಿ. ಗುಬ್ಬಿಯಷ್ಟು ಗಾತ್ರ, ಗಡಿಬಿಡಿಯ ಕೈ. ಕೈಗೆ ಸಿಕ್ಕಿದ್ದನ್ನೆಲ್ಲ ನಾಲ್ಕು ಮಡಿಕೆ ಮಾಡಿಡುವುದು ಅವಳ ಅಭ್ಯಾಸ. ಮಾತಾಡುತ್ತಲೇ ಡಾಕ್ಟರ ಕೈವಸ್ತ್ರವನ್ನೂ ಮಡಿಸಿ ಮೇಜಿನ ಮೂಲೆಗೆ ಇಟ್ಟಿದ್ದಳು. "ಹತ್ತೂವರೆಗೆ ನಾನು ಅಂಗಡಿ ಹತ್ರ ಹೋದ್ರೆ ಬೆಂಚಿನ ಮೇಲೆ ಕೂತಿದ್ರು. ಇವತ್ತು ಯಾವ ವಾರ ಅಂತ ನನ್ನೇ ಕೇಳಿದ್ರು. ಎದೆ ಧಸಕ್ ಅಂತು ನಂಗೆ. ಅಷ್ಟು ಬಿಟ್ರೆ ನಂಗೇನೂ ಗೊತ್ತಿಲ್ಲ ತಾಯಿ. ಆ ಕ್ಲಬ್ಬಿನ ಕಡೆ ನಾನು ತಲೆ ಹಾಕಿದೋಳೇ ಅಲ್ಲ. ನೀರು ಕಂಡ್ರೆ ನಂಗಾಗಲ್ಲ."

"ಇವತ್ತೊಂದಿನ ಬನ್ನಿ ಅಕ್ಕಾ," ಎಂದು ಅತ್ತೆ ಎದ್ದರು. "ನೀರಿಗೆ ಯಾರೂ ತಳ್ಳಲ್ಲ. ಅಳಿಯಂದ್ರೇ, ಸ್ಕೂಟರನ್ನ ಒಪ್ಪಿಸಿ."

ಸ್ಕೂಟರು ಏಳನೇ ಒದೆತಕ್ಕೆ ಒಪ್ಪಿತು.

ಕ್ಲಬ್ಬಿನ ಹಿಂಬಾಗಿಲು ಕಚೇರಿಗೆ ಹತ್ತಿರ. ಅಲ್ಲಿ ಐದು ಮರದ ಮೆಟ್ಟಿಲು. ಅತ್ತೆ ಮುಂದೆ, ಅಳಿಯ ಅವರ ಹಿಂದೆ, ಬಾಡಿಗೆ ಕಾರಿನಲ್ಲಿ ಬಂದಿಳಿದ ಅಜ್ಜ ಅಜ್ಜಿ ಅವನ ಹಿಂದೆ.

"ಮೂರನೇ ಮೆಟ್ಟಿಲು ಹುಷಾರಪ್ಪಾ, ಅಲ್ಲಾಡತ್ತೆ," ಎಂದಳು ಅಜ್ಜಿ.

ಹೇಳುವಷ್ಟರಲ್ಲಿ ಅಳಿಯ ಅದರ ಮೇಲೆ ಕಾಲಿಟ್ಟಾಗಿತ್ತು. ಹಲಗೆ ಎದ್ದಿತು, ಅವನು ಕಂಬ ಹಿಡಿದು ಹೇಗೋ ಮಾನ ಉಳಿಸಿಕೊಂಡ. ಅತ್ತೆ ತಿರುಗಿ ನೋಡಿದರು. ಅಳಿಯನನ್ನಲ್ಲ, ಮೆಟ್ಟಿಲನ್ನು. ಒಬ್ಬನೇ ಅಳಿಯ ಬಿದ್ದು ಕಾಲು ಮುರಿದುಕೊಂಡರೂ ಇವರು ಹಲಗೆಯ ಯೋಗಕ್ಷೇಮ ವಿಚಾರಿಸುತ್ತಾರೆ ಎಂದು ಅವನಿಗೆ ಬೇಜಾರಾಯಿತು.

ಅಜ್ಜ ಒಳಗೆ ಬರಲು ಒಪ್ಪಲಿಲ್ಲ. "ಆ ಕೋಣೆಗೆ ನಾನು ಕಾಲಿಡಲ್ಲ," ಎಂದು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟ. ಅಜ್ಜಿ ಫ್ಲಾಸ್ಕು ತೆಗೆದುಕೊಂಡು ಎದುರಿನ ಕ್ಯಾಂಟೀನಿನಿಂದ ಚಹಾ ತರಲು ಹೋದಳು.

ಕಚೇರಿಗೆ ಹೋಗುವ ದಾರಿಯಲ್ಲೇ ಕೊಳ. ಗೋಡೆಯ ಕಪ್ಪು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ನೀರು: 28 ಡಿಗ್ರಿ'.

"ಅಳಿಯಂದ್ರೇ, ಶೂ ಬಿಚ್ಚಿ."

"ಯಾಕತ್ತೆ?"

"ಥರ್ಮಾಮೀಟರ್ ತಂದಿಲ್ಲ."

ಅಳಿಯ ಪ್ಯಾಂಟು ಮಡಚಿ ಕಾಲು ಇಳಿಬಿಟ್ಟ. ಮರುಕ್ಷಣ ಅವನ ಬಾಯಿಂದ ಬಂದ ಸದ್ದು ಕೊಳದ ನಾಲ್ಕು ಗೋಡೆಗೂ ಬಡಿದು ಹಿಂದಿರುಗಿತು. ಹೆಬ್ಬೆರಳು ತನ್ನದೇ ಹೌದೋ ಅಲ್ಲವೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡ.

ಆ ಸದ್ದಿಗೆ ಕ್ಲಬ್ಬಿನ ಕಾರ್ಯದರ್ಶಿ ಓಡಿಬಂದ. ನೀಲಿ ಕೋಟು, ಕೊರಳಲ್ಲಿ ಸೀಟಿ, ನೋಡಿದರೆ ಸಮುದ್ರವನ್ನೇ ಈಜಿ ಬಂದವನ ಠೀವಿ. ಅತ್ತೆ ಅವನ ಕಚೇರಿಗೆ ಹೋಗಿ, ಅವನ ಕುರ್ಚಿಯಲ್ಲೇ ಕೂತು, ಅವನನ್ನು ಎದುರಿಗೆ ಕೂರಿಸಿಕೊಂಡರು.

"ಮಂಗಳವಾರ ಎಂಟಕ್ಕೆ ಬೀಗದಜ್ಜ ಇಲ್ಲಿಗೆ ಬಂದ್ರು ಅಂತ ಪೊಲೀಸರಿಗೆ ಹೇಳಿದೀರಿ."

"ಬಂದ್ರು. ಹತ್ತು ನಿಮಿಷ ಕೂತಿದ್ರು. ಬಲು ಚೆನ್ನಾಗಿ ಮಾತಾಡಿದ್ರು. ಮರೆವೂ ಇಲ್ಲ, ಮಣ್ಣೂ ಇಲ್ಲ."

"ಏನು ಮಾತು?"

"ಭಾನುವಾರದ ಪಂದ್ಯದ್ದು. ಬಟ್ಟಲು ಎಲ್ಲಿಟ್ಟಿದೀರಿ ಅಂತಲೂ ಕೇಳಿದ್ರು. ನಾನು ತಿಜೋರೀಲಿದೆ ಅಂದೆ. ನಂದೇ ತಪ್ಪು."

"ಇವತ್ತು ಯಾವ ವಾರ ಅಂತ ಎಷ್ಟು ಸಲ ಕೇಳಿದ್ರು?"

"ಅದನ್ನ್ಯಾಕೆ ಕೇಳ್ತಾರೆ?"

"ನಿಮ್ಮ ಊಟ ಆಯ್ತಾ ಅಂತ?"

"ಬೆಳಗ್ಗೆ ಎಂಟಕ್ಕೆ ಊಟ ಯಾರ್ರೀ ವಿಚಾರಿಸ್ತಾರೆ?"

"ಹತ್ತು ನಿಮಿಷಕ್ಕೆ ಕಮ್ಮಿ ಅಂದ್ರೂ ಮೂರು ಸಲ ವಿಚಾರಿಸಬೇಕಿತ್ತು," ಎಂದರು ಅತ್ತೆ. "ಆಸ್ಪತ್ರೆಯಲ್ಲಿ ಗೀಟು ಹಾಕಿಟ್ಟಿದಾರೆ. ಆ ಹೊತ್ತಿನಲ್ಲಿ ಅಜ್ಜನ ಜೊತೆ ಎರಡು ಮಾತಾಡಿದೋರು ಯಾರೂ ಅದನ್ನ ಮರೆಯೋಕಾಗಲ್ಲ. ನೀವು ಅವರನ್ನ ನೋಡೇ ಇಲ್ಲ."

ಕಾರ್ಯದರ್ಶಿ ಸೀಟಿಯನ್ನು ಬೆರಳಲ್ಲಿ ತಿರುಗಿಸತೊಡಗಿದ. "ಮುದುಕ ನಾಟಕ ಆಡ್ತಿರಬಹುದಲ್ಲ."

"ನೀರು ಇಪ್ಪತ್ತೆಂಟು ಡಿಗ್ರಿ ಅಂತ ಬೋರ್ಡು ಆಡ್ತಿದೆಯಲ್ಲ, ಆ ಥರದ ನಾಟಕಾನಾ? ನಮ್ಮ ಅಳಿಯಂದ್ರ ಕಾಲು ನೋಡಿ."

ಅಳಿಯ ನೀಲಿಗಟ್ಟಿದ ಕಾಲನ್ನು ಸಾಕ್ಷಿಯಂತೆ ಎತ್ತಿ ಹಿಡಿದ.

"ಸೋಮವಾರ ಹೊಸ ನೀರು ತುಂಬಿಸಿದ್ವಿ," ಎಂದ ಕಾರ್ಯದರ್ಶಿ, ದನಿ ಇಳಿಸಿ. "ಆವತ್ತೇ ಹೀಟರ್ ಕೆಟ್ಟಿತು. ಪಂದ್ಯ ಹತ್ತಿರ ಬಂದಿದೆ, ಜನ ಗಲಾಟೆ ಮಾಡ್ತಾರೆ ಅಂತ ಬೋರ್ಡು ಅಳಿಸಲಿಲ್ಲ."

"ಅದನ್ನ ನಂಬಿ ಅಜ್ಜ ಬೆಳಗ್ಗೆ ಮೊದಲಿಗೆ ಇಳಿದ್ರು. ಎದುರಿಗೆ ನೀವಿದ್ದಿದ್ರೆ ಹಿಡಿದು ಮನೆಗೆ ಮುಟ್ಟಿಸಬಹುದಿತ್ತು. ಎಲ್ಲಿದ್ರಿ?"

"ಇಲ್ಲೇ ಇದ್ದೆ."

ಅತ್ತೆ ಕುರ್ಚಿಯ ಬೆನ್ನಿಗೆ ಒಣಹಾಕಿದ್ದ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿದರು. ಇನ್ನೂ ಹಸಿಯಾಗಿತ್ತು. ಅದರ ಮೇಲೆ ಹಳದಿ ಬಾತುಕೋಳಿ, ಕೆಳಗೆ ಊರಿನ ಆ ತುದಿಯ ಇನ್ನೊಂದು ಕೊಳದ ಹೆಸರು, ಅದರ ಕೆಳಗೆ 'ಹೊಸಬರ ತರಗತಿ: ಮಂಗಳವಾರ, ಗುರುವಾರ'.

ಕಾರ್ಯದರ್ಶಿಯ ಮುಖ ಬಿಳಿಚಿ, ಕೆಂಪಾಗಿ, ಆಮೇಲೆ ಯಾವ ಬಣ್ಣ ಎಂದು ಹೇಳಲಾಗದಂತಾಯಿತು.

"ಯಾರಿಗೂ ಹೇಳ್ಬೇಡಿ," ಎಂದ. "ನಂಗೆ ಈಜು ಬರಲ್ಲ."

ಅಳಿಯನಿಗೆ ನಗು ಒತ್ತರಿಸಿ ಬಂತು. ಗೋಡೆಯ ಕಡೆ ತಿರುಗಿ ಕೆಮ್ಮಿದ.

"ಹನ್ನೆರಡು ವರ್ಷದಿಂದ ಕಾರ್ಯದರ್ಶಿ. ಮೊದಮೊದಲು ಯಾರೂ ಕೇಳಲಿಲ್ಲ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ. ಭಾನುವಾರ ಪಂದ್ಯ ಉದ್ಘಾಟನೆಗೆ ನಾನೇ ಒಂದು ಸುತ್ತು ಈಜಬೇಕಂತೆ. ಆರರಿಂದ ಹತ್ತರವರೆಗೆ ಅಲ್ಲಿದ್ದೆ, ಮಕ್ಕಳ ಜೊತೆ, ರಬ್ಬರ್ ರಿಂಗು ಹಾಕ್ಕೊಂಡು. ಬಂದು ನೋಡಿದ್ರೆ ತಿಜೋರಿ ತೆಗೆದಿತ್ತು. ಪೊಲೀಸರು ಎಲ್ಲಿದ್ರಿ ಅಂದ್ರು, ಇಲ್ಲೇ ಇದ್ದೆ ಅಂದೆ. ಅಜ್ಜನ್ನ ನೋಡಿದ್ರಾ ಅಂದ್ರು. ಇಲ್ಲೇ ಇದ್ದೋನು ನೋಡಿಲ್ಲ ಅಂದ್ರೆ ಹೇಗೆ?"

ನಾಚಿಕೆ ಮುಚ್ಚಲು ಒಂದು ಸುಳ್ಳು, ಆ ಸುಳ್ಳಿಗೆ ಹೊಂದಿಸಲು ಇನ್ನೊಂದು. ಅದರ ಭಾರ ಬಿದ್ದದ್ದು ಅಜ್ಜನ ತಲೆಯ ಮೇಲೆ. ಅತ್ತೆ ಬೈಯಲಿಲ್ಲ. "ಹೋಗಿ ಮೊದ್ಲು ಆ ಬೋರ್ಡು ಅಳಿಸಿ," ಎಂದರಷ್ಟೆ. ಅವನು ಬಟ್ಟೆ ಹುಡುಕಿಕೊಂಡು ಓಡಿದ.

ತಿಜೋರಿ ಕಚೇರಿಯ ಮೂಲೆಯಲ್ಲಿ ಬಾಗಿಲು ತೆರೆದುಕೊಂಡೇ ನಿಂತಿತ್ತು. ಬೀಗದ ಕೈ ಇದ್ದದ್ದು ಕ್ಲಬ್ಬಿನ ಅಧ್ಯಕ್ಷರ ಜೇಬಿನಲ್ಲಿ, ಅಧ್ಯಕ್ಷರು ಇದ್ದದ್ದು ದೂರದ ಊರಿನ ಮಗಳ ಮನೆಯಲ್ಲಿ. ಬೀಗದ ಕೈ ಇಲ್ಲದೆ ಅದನ್ನು ತೆಗೆಯಬಲ್ಲವನು ಅದನ್ನು ಕೂರಿಸಿದ ಬೀಗದಜ್ಜ ಒಬ್ಬನೇ. ಒಳಗಡೆ ಬಟ್ಟಲಿನ ಹೊದಿಕೆಯಾಗಿದ್ದ ನೀಲಿ ಮಖಮಲ್ಲು ಬಟ್ಟೆ ಮಾತ್ರ ಉಳಿದಿತ್ತು, ಅಚ್ಚುಕಟ್ಟಾಗಿ ಮಡಿಸಿ ಇಟ್ಟಿತ್ತು.

ಅಳಿಯ ಬಾಗಿಲಿನ ಒಳಮೈ ನೋಡಿದ. ಬೀಗದ ಯಂತ್ರವನ್ನು ಮುಚ್ಚಿದ್ದ ತಗಡಿಗೆ ನಾಲ್ಕು ಸ್ಕ್ರೂ. ಹದಿನಾಲ್ಕು ವರ್ಷ ಪ್ರೆಸ್ಸಿನಲ್ಲಿ ಸಾಲು ನೇರ ಮಾಡಿದ ಕಣ್ಣು ಅವನದು. ಓರೆ ಕಂಡರೆ ಸುಮ್ಮನಿರುವುದಿಲ್ಲ.

"ಅತ್ತೆ, ಇಲ್ಲಿ ನೋಡಿ. ಮೂರು ಸ್ಕ್ರೂಗಳ ತಲೆಯ ಗೀಟು ಮೇಲಿಂದ ಕೆಳಕ್ಕೆ ನೆಟ್ಟಗಿದೆ. ನಾಲ್ಕನೇದು ಓರೆ."

ಅತ್ತೆ ಬಗ್ಗಿ ನೋಡಿದರು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವರ ಬಾಯಿಂದ "ಭೇಷ್" ಬಂತು. "ಹೋಗಿ ಅಜ್ಜನ್ನ ಕೇಳಿ. ನೀವೊಬ್ರೇ ಹೋಗಿ."

ಹೊರಗೆ ಅಜ್ಜ ಒಬ್ಬನೇ ಕೂತಿದ್ದ. ಮಾತು ಕೇಳಿ ತನ್ನ ಅಂಗೈಗಳನ್ನು ನೋಡಿಕೊಂಡ.

"ಸ್ಕ್ರೂ ಗೀಟು ನೆಟ್ಟಗೆ ನಿಲ್ಲಿಸೋದು ನಮ್ಮಪ್ಪನ ಪಾಠ. ಓರೆ ಬಿಟ್ರೆ ಕೆಲಸ ಅರ್ಧಕ್ಕೆ ನಿಂತಿದೆ ಅಂತ ಅರ್ಥ. ಮೂರು ತಿರುಗಿಸೋ ಹೊತ್ತಿಗೆ ಏನು ಮಾಡ್ತಿದ್ದೆ ಅನ್ನೋದೇ ಮರೆತುಹೋಗಿರಬೇಕು."

"ಬಾಗಿಲು ತೆಗೆದ ಮೇಲೆ ತಗಡು ಬಿಚ್ಚೋ ಕೆಲಸ ಏನಿತ್ತು ಅಜ್ಜ?"

ಅಜ್ಜ ಕ್ಯಾಂಟೀನಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳಿದ್ದಲ್ಲ. ನನ್ನಾಕೆಗೂ ಹೇಳಿಲ್ಲ. ಬೀಗದ ಕೈ ಇಲ್ಲದೆ ಯಾರದ್ದಾದ್ರೂ ಬೀಗ ತೆಗೆದ್ರೆ, ವಾರ, ತೆಗೆಸಿದೋರು ಯಾರು, ಎರಡನ್ನೂ ಒಂದು ಚೀಟೀಲಿ ಬರೆದು ತಗಡಿನ ಹಿಂದೆ ಇಡ್ತೀನಿ. ನಾಳೆ ತಕರಾರು ಬಂದ್ರೆ ಅದೇ ಸಾಕ್ಷಿ. ಅಪ್ಪನ ಕಾಲದಿಂದ ಬಂದದ್ದು."

"ಎರಡು ದಿನದಿಂದ ಬಾಯಿ ಬಿಡಲಿಲ್ವಲ್ಲ?"

"ಚೀಟಿ ಇದ್ರೆ ನಾನು ಯಾರೋ ಕರೆದಿದ್ದಕ್ಕೆ ಕೆಲಸ ಮಾಡಿದೋನು. ಇಲ್ದೇ ಇದ್ರೆ ನನಗೋಸ್ಕರ ತೆಗೆದೋನು." ಅಜ್ಜ ಜೇಬಿಗೆ ಕೈ ಹಾಕಿದ. "ಇಲ್ದೇ ಇದ್ರೆ ಏನು ಮಾಡ್ಲಪ್ಪಾ? ಗೊತ್ತಾಗದೇ ಇರೋದೇ ವಾಸಿ ಅನ್ನಿಸ್ತು."

ಜೇಬಿನಿಂದ ಬೆರಳುದ್ದದ ಸ್ಕ್ರೂಡ್ರೈವರ್ ತೆಗೆದು ಅಳಿಯನ ಕೈಗಿಟ್ಟ. ಅದರ ಮರದ ಹಿಡಿ ಸವೆದು ಅಜ್ಜನ ಹೆಬ್ಬೆರಳಿನ ಅಳತೆಗೇ ಇಳಿದಿತ್ತು. ಅಳಿಯ ಅದನ್ನು ಹಿಡಿದು ಒಳಗೆ ಬರುವಾಗ, ಈ ಒಂದು ಚೀಟಿ ಅಲ್ಲಿ ಇರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಪತ್ತೇದಾರರು ಹಾಗೆಲ್ಲ ಬೇಡಿಕೊಳ್ಳಬಾರದು. ಅತ್ತೆಗೆ ಹೇಳದಿದ್ದರಾಯಿತು.

ನಾಲ್ಕು ಸ್ಕ್ರೂ ಬಿಚ್ಚಿ ತಗಡು ಸರಿಸಿದ. ಯಂತ್ರದ ಪಕ್ಕದ ಸಂದಿಯಲ್ಲಿ ಒಂದು ಕಾಗದದ ತುಣುಕು ಸಿಕ್ಕಿಕೊಂಡಿತ್ತು.

"ಇದೆ," ಎಂದ.

ಅತ್ತೆ ಅದನ್ನು ಚಿಮುಟದಲ್ಲಿ ತೆಗೆದು ಮೇಜಿನ ಮೇಲೆ ಹರಡಿದರು. ಪೆನ್ಸಿಲ್ಲಿನ ದುಂಡನೆಯ ಅಕ್ಷರ. ಮೇಲೆ 'ವಾರ' ಎಂದು ಬರೆದು ಮುಂದೆ 'ಮಂಗಳವಾರ' ಎಂದಿತ್ತು. ಅದರ ಕೆಳಗೆ ಮತ್ತೆ 'ಮಂಗಳವಾರ'. ಅದರ ಕೆಳಗೆ ಮತ್ತೊಮ್ಮೆ 'ಮಂಗಳವಾರ'.

"ಬರೆದಿದ್ದು ಮರೆತು ಮತ್ತೆ ಬರೆದಿದಾರೆ, ಅದೂ ಮರೆತು ಮತ್ತೆ ಬರೆದಿದಾರೆ," ಎಂದರು ಅತ್ತೆ. "ಇದಕ್ಕಿಂತ ದೊಡ್ಡ ಸರ್ಟಿಫಿಕೇಟನ್ನ ಯಾವ ಡಾಕ್ಟರೂ ಕೊಡಲ್ಲ. ನಾಟಕ ಆಡೋನು ತಗಡಿನ ಹಿಂದೆ ಆಡಲ್ಲ."

ಅಳಿಯ ಸಂತೋಷದಿಂದ ಚೀಟಿಯ ಕೊನೆಯ ಸಾಲಿಗೆ ಬಂದ. 'ತೆಗೆಸಿದವರು' ಎಂದಿತ್ತು. ಮುಂದಿನದನ್ನು ಓದಿದ. ಕಣ್ಣು ಉಜ್ಜಿ ಇನ್ನೊಮ್ಮೆ ಓದಿದ.

'ತೆಗೆಸಿದವರು: ನನ್ನಾಕೆ.'

ಅವನ ದೃಷ್ಟಿ ತಾನಾಗಿ ತಿಜೋರಿಯೊಳಗೆ ಹೋಯಿತು. ನೀಲಿ ಮಖಮಲ್ಲು ಬಟ್ಟೆ ನಾಲ್ಕು ಮಡಿಕೆಯಲ್ಲಿತ್ತು. ಅಜ್ಜಿ ಎಚ್ಚರಿಸಿದ ಅಲ್ಲಾಡುವ ಮೆಟ್ಟಿಲು ನೆನಪಾಯಿತು. ಅತ್ತೆಯ ಕಡೆ ನೋಡಿದ. ಅವರ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಬೇಸರ ಇತ್ತು.

"ಚೀಟಿ ಇದೆಯೇನಪ್ಪಾ?"

ಒಳಗೆ ಕಾಲಿಡುವುದಿಲ್ಲ ಎಂದಿದ್ದ ಅಜ್ಜ ಹೊಸ್ತಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ಅಜ್ಜಿ, ಫ್ಲಾಸ್ಕನ್ನು ಕಿಟಕಿಯ ಮೇಲಿಟ್ಟು ಅದಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚುತ್ತಿದ್ದಳು.

"ಇದೆ ಅಜ್ಜ," ಎಂದ ಅಳಿಯ.

"ಹಾಗಾದ್ರೆ ನಾನು ಕಳ್ಳ ಅಲ್ಲ?"

"ಅಲ್ಲ ಅಜ್ಜ. ಖಂಡಿತ ಅಲ್ಲ."

ಅಜ್ಜ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಎರಡು ದಿನದಿಂದ ಬಾಗಿದ್ದ ಬೆನ್ನು ನೆಟ್ಟಗಾಯಿತು.

"ಕೇಳಿದ್ಯೇನೇ? ನಾನು ಕಳ್ಳ ಅಲ್ವಂತೆ."

"ನಂಗೆ ಮೊದ್ಲಿಂದ್ಲೇ ಗೊತ್ತಿತ್ತು ಬಿಡಿ," ಎಂದಳು ಅಜ್ಜಿ, ಬಟ್ಟೆಯನ್ನು ಮಡಿಸುತ್ತ. "ಯಾವ ಚೀಟಿ ಅದು?"

"ನಿಂಗೆ ಹೇಳಿರ್ಲಿಲ್ಲ ಕಣೇ. ಬೀಗ ತೆಗೆಸಿದೋರು ಯಾರು ಅಂತ ಬರೆದು ತಗಡಿನ ಹಿಂದೆ ಇಡ್ತೀನಿ. ಇಷ್ಟು ವರ್ಷ ಮಾಡಿದ್ದು ಇವತ್ತು ನನ್ನ ಕಾಪಾಡ್ತು ನೋಡು."

ಅಜ್ಜಿಯ ಕೈಯಲ್ಲಿ ಬಟ್ಟೆ ಎರಡನೇ ಮಡಿಕೆಯಲ್ಲೇ ನಿಂತುಹೋಯಿತು.

"ಯಾರ ಹೆಸರಿದೆ? ಕೊಡು ಇಲ್ಲಿ, ನಾನೇ ಓದ್ತೀನಿ," ಎಂದು ನಗುತ್ತ ಅಜ್ಜ ಒಳಗೆ ಬಂದು ಕೈ ಚಾಚಿದ.